ಈ ಸಿನಿಮಾ ಮಗು ನೋಡಬಹುದೇ?

ಪ್ರಶ್ನೆ: ರಜೆಯ ದಿನ ಒಂಬತ್ತು ವರ್ಷದ ಮಗನನ್ನು ವೈಟ್‌ಫೀಲ್ಡ್ ಕಡೆಯ ಮಾಲ್‌ಗೆ ಸಿನಿಮಾಕ್ಕೆ ಕರೆದೊಯ್ದಿದ್ದೆವು. ಅದು ‘ಯುಎ 16+’ ಅಂತೆ, ನಾವು ಗಮನಿಸಿರಲಿಲ್ಲ. ಬಾಗಿಲಲ್ಲಿ ಟಿಕೆಟ್ ನೋಡಿದವರೂ ಏನೂ ಹೇಳಲಿಲ್ಲ. ಆ ರಕ್ತ, ಕಿರುಚಾಟ ನೋಡಿ ಬಂದವನು ರಾತ್ರಿ ಬೆಚ್ಚಿ ಏಳುತ್ತಿದ್ದಾನೆ. ಮನಸ್ಸಿಗೆ ಪೆಟ್ಟಾಯಿತೇ? ಥಿಯೇಟರಿನವರು ತಡೆಯಬೇಕಿತ್ತಲ್ಲವೇ?
– ಒಬ್ಬ ತಾಯಿ, ಕಾಡುಗೋಡಿ

ಉತ್ತರ: ಮಗನ ಮನಸ್ಸಿನಲ್ಲಿ ಆ ದೃಶ್ಯಗಳು ಉಳಿದೇಬಿಡುತ್ತವೇನೋ ಎಂಬ ಅಳುಕು ನಿಮ್ಮದು. ತಾಯಿಗೆ ಹಾಗನ್ನಿಸುವುದು ಸಹಜ. ಭಯ ಹುಟ್ಟಿಸುವ ದೃಶ್ಯ ಕಂಡ ಮಕ್ಕಳು ಕೆಲವು ದಿನ ನಿದ್ದೆಯಲ್ಲಿ ಬೆಚ್ಚುವುದುಂಟು. ಹೆಚ್ಚಿನವರಲ್ಲಿ ಅದು ನಿಧಾನಕ್ಕೆ ಇಳಿಯುತ್ತದೆ.

“ಗಂಡು ಹುಡುಗ, ಇಷ್ಟಕ್ಕೆಲ್ಲ ಹೆದರ್ತೀಯಾ?” ಎಂದು ಮನೆಯಲ್ಲಿ ಯಾರೂ ಅನ್ನದಂತೆ ನೋಡಿಕೊಳ್ಳಿ. ಯಾವ ದೃಶ್ಯ ಕಣ್ಮುಂದೆ ಬರುತ್ತಿದೆ ಎಂದು ಹಗಲು ಹೊತ್ತಿನಲ್ಲಿ ಕೇಳಿ, ಅವನು ಹೇಳಿ ಮುಗಿಸುವವರೆಗೂ ಕಾಯಿರಿ. ಆಮೇಲೆ ಆ ರಕ್ತ ಬಣ್ಣದ ನೀರು, ಗಾಯ ಮೇಕಪ್ ಎಂದು ತಿಳಿಸಿ. ಸ್ವಲ್ಪ ದಿನ ನಿಮ್ಮ ಪಕ್ಕದಲ್ಲೇ ಮಲಗಲಿ. ವಾರಗಳು ಕಳೆದರೂ ಕಡಿಮೆಯಾಗದಿದ್ದರೆ, ಶಾಲೆಗೆ ಹೋಗಲೂ ಹೆದರಿದರೆ ಮಕ್ಕಳ ವೈದ್ಯರಿಗೆ ತೋರಿಸಿ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ.

ಇನ್ನು ಥಿಯೇಟರಿನ ವಿಷಯ. ಸಿನಿಮಾಗಳಿಗೆ ಸರ್ಟಿಫಿಕೇಟ್ ಕೊಡುವುದು ಸೆನ್ಸಾರ್ ಮಂಡಳಿ (ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ). ಅದರ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೂ ಇದೆ. ‘ಯು’ ಎಂದರೆ ಎಲ್ಲರೂ ನೋಡಬಹುದು, ‘ಎ’ ಎಂದರೆ ವಯಸ್ಕರಿಗೆ ಮಾತ್ರ. ನಡುವಿನ ‘ಯುಎ’ ಬಂದದ್ದು 1983ರಲ್ಲಿ. ಆಗ ಹನ್ನೆರಡು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದೇ ಎಚ್ಚರಿಕೆ ಇತ್ತು. ಐದು ವರ್ಷದ ಮಗುವಿಗೂ ಹನ್ನೊಂದರ ಹುಡುಗಿಗೂ ಒಂದೇ ಗೆರೆ ಸಾಲದು ಎಂಬುದು ಹೆತ್ತವರಿಗೆಲ್ಲ ಗೊತ್ತು. 2023ರಲ್ಲಿ ಕಾಯ್ದೆ ತಿದ್ದಿ ಅದನ್ನು 7+, 13+, 16+ ಎಂದು ಮೂರು ಮಾಡಿದರು. 2025ರಲ್ಲಿ ತೆರೆಕಂಡ ‘ಕಾಂತಾರ: ಅಧ್ಯಾಯ 1’ ಪಡೆದದ್ದು ಯುಎ 16+.

ಆದರೆ ಬಹಳ ಜನಕ್ಕೆ ತಿಳಿಯದ ಮಾತೊಂದಿದೆ. ಯುಎ ಪಕ್ಕದ ಈ ವಯಸ್ಸಿನ ಗುರುತು ಹೆತ್ತವರಿಗೆ ಅಥವಾ ಪೋಷಕರಿಗೆ ಕೊಟ್ಟ ಸೂಚನೆ. ಅದನ್ನು ಪಾಲಿಸುವಂತೆ ಬೇರೆ ಯಾರೂ ಒತ್ತಾಯಿಸುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಬಾಗಿಲಿನವರು ನಿಮ್ಮನ್ನು ತಡೆಯದೆ ಬಿಟ್ಟದ್ದು ತಪ್ಪಲ್ಲ, ಆ ತೀರ್ಮಾನವನ್ನು ಕಾನೂನು ಬಿಟ್ಟಿರುವುದು ನಿಮಗೇ. ಇಷ್ಟನ್ನು ಟಿಕೆಟ್ ಕೌಂಟರಿನ ಬಳಿ ಕನ್ನಡದಲ್ಲಿ, ಎದ್ದುಕಾಣುವಂತೆ ಬರೆದು ಹಾಕಲೇಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಸರ್ಟಿಫಿಕೇಟನ್ನು ತೆರೆಯ ಮೇಲೆ ತೋರಿಸುತ್ತಾರೆ, ನಿಜ. ಅಷ್ಟರಲ್ಲಿ ನಾವು ಪಾಪ್‌ಕಾರ್ನ್ ಹಿಡಿದು ಕೂತಾಗಿರುತ್ತದೆ. ಮುಂದಿನ ಸಲ ಟಿಕೆಟ್ ಬುಕ್ ಮಾಡುವಾಗಲೇ ಸಿನಿಮಾದ ಹೆಸರಿನ ಬಳಿ ಗುರುತು ಹುಡುಕಿ. ಬೇಗ ಹೆದರುವ ಮಗುವಾದರೆ ನೀವೊಬ್ಬರೇ ಮೊದಲು ನೋಡಿಬನ್ನಿ.

ಪ್ರಶ್ನೆ: ನನಗೆ ಹದಿನೇಳು ವರ್ಷ. ಅಪ್ಪನ ಜೊತೆಗೇ ಹೋದರೂ ‘ಎ’ ಸಿನಿಮಾಕ್ಕೆ ಒಳಗೆ ಬಿಡಲಿಲ್ಲ. ಎಲ್ಲರೆದುರು ಅವಮಾನವಾಯಿತು.
– ಪಿಯು ವಿದ್ಯಾರ್ಥಿ, ಕಾಡುಗೋಡಿ

ಉತ್ತರ: ಜನರ ನಡುವೆ ವಾಪಸ್ ಬರಬೇಕಾದಾಗ ಮುಜುಗರವಾಗುವುದು ಸಹಜ. ಆದರೆ ನೀವು ತಪ್ಪು ಮಾಡಿದ್ದೀರಿ ಎಂದು ಅವರು ತಡೆದದ್ದಲ್ಲ. ‘ಎ’ ಚಿತ್ರಕ್ಕೆ ಹದಿನೆಂಟು ತುಂಬದವರನ್ನು ಬಿಟ್ಟರೆ ಚಿತ್ರಮಂದಿರದವರಿಗೇ ಶಿಕ್ಷೆ. ತಂದೆಯ ಒಪ್ಪಿಗೆ ಇಲ್ಲಿ ನಡೆಯುವುದಿಲ್ಲ.

‘ಎ’ ಎಂದರೆ ಕೆಟ್ಟ ಸಿನಿಮಾ ಎಂದಲ್ಲ. ಯುವಕರ ಮಾದಕ ವ್ಯಸನದ ವಿರುದ್ಧ ಮಾತಾಡಿದ ದುನಿಯಾ ವಿಜಯ್ ಅವರ ‘ಭೀಮ’ (2024) ಚಿತ್ರಕ್ಕೂ ಸಿಕ್ಕಿದ್ದು ‘ಎ’. ಹದಿನೆಂಟಾದ ಮೇಲೆ ಹುಟ್ಟಿದ ದಿನಾಂಕವಿರುವ ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಂಡು ಹೋಗಿ.

ಪ್ರಶ್ನೆ: ನಾವಿಬ್ಬರೂ ಶಿಫ್ಟ್ ಕೆಲಸದವರು. ಮನೆಯಲ್ಲಿ ಹದಿನಾಲ್ಕರ ಮಗಳ ಕೈಯಲ್ಲಿ ಮೊಬೈಲ್. ಅವಳು ಏನು ನೋಡುತ್ತಾಳೋ ಎಂದು ಕೆಲಸದಲ್ಲಿ ಮನಸ್ಸೇ ನಿಲ್ಲುವುದಿಲ್ಲ. ಅಲ್ಲಿ ಸೆನ್ಸಾರ್ ಇಲ್ಲವೇ?
– ಒಬ್ಬ ತಂದೆ, ಕಾಡುಗೋಡಿ

ಉತ್ತರ: ಮನೆಯಲ್ಲಿ ಇಲ್ಲದಿದ್ದರೂ ಮಗಳ ಬಗ್ಗೆ ಇಷ್ಟು ಯೋಚಿಸುತ್ತೀರಿ, ಆ ಕಾಳಜಿ ಅವಳಿಗೂ ತಿಳಿದಿರುತ್ತದೆ. ದೂರದಿಂದಲೂ ಮಾಡಬಹುದಾದ ಕೆಲಸಗಳಿವೆ.

ಒಟಿಟಿಯ (ಇಂಟರ್ನೆಟ್ ಮೂಲಕ ಸಿನಿಮಾ, ಧಾರಾವಾಹಿ ತೋರಿಸುವ ವೇದಿಕೆ) ವೆಬ್ ಸರಣಿಗಳು ಸೆನ್ಸಾರ್ ಮಂಡಳಿಯ ಮುಂದೆ ಹೋಗುವುದಿಲ್ಲ. 2021ರ ಕೇಂದ್ರ ನಿಯಮದ ಪ್ರಕಾರ ಆಯಾ ಕಂಪನಿಯೇ ವಯಸ್ಸಿನ ಗುರುತು ಹಾಕಬೇಕು. 13+ ಮತ್ತು ಮೇಲಿನವಕ್ಕೆ ಪೋಷಕರು ಬೀಗ (ಪಿನ್ ಹಾಕಿ ತಡೆಯುವ ಸೌಲಭ್ಯ) ಹಾಕುವ ಅವಕಾಶ ಕೊಡಬೇಕು. ಆ ಬೀಗ ತಾನಾಗಿ ಬೀಳುವುದಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಹಾಕಬೇಕು. ಮಗಳ ಹೆಸರಿನಲ್ಲಿ ಬೇರೆ ಪ್ರೊಫೈಲ್ ಮಾಡಿ, ವಯಸ್ಸಿನ ಮಿತಿ ಇಡಿ. ನಿಮ್ಮ ಹುಟ್ಟಿದ ವರ್ಷವನ್ನೇ ಪಿನ್ ಮಾಡಬೇಡಿ.

ರೀಲ್ಸ್‌ಗಳಿಗೆ ಮಾತ್ರ ಇಂಥ ಸರ್ಟಿಫಿಕೇಟ್ ಇಲ್ಲ. ಅಲ್ಲಿ ಅವಳ ಮಾತೇ ನಿಮಗೆ ದಾರಿ. ಬೀಗ ಹಾಕುವುದನ್ನು ಅವಳೆದುರೇ ಮಾಡಿ, ಏಕೆಂದು ಹೇಳಿ. ಏನಾದರೂ ಕೆಟ್ಟದ್ದು ಕಣ್ಣಿಗೆ ಬಿದ್ದರೆ ಬೈಯುವುದಿಲ್ಲ, ಮೊಬೈಲ್ ಕಿತ್ತುಕೊಳ್ಳುವುದಿಲ್ಲ ಎಂದು ಮಾತು ಕೊಡಿ. ಆಗ ಅವಳು ನಿಮ್ಮ ಶಿಫ್ಟ್ ಮುಗಿಯುವುದನ್ನೇ ಕಾದು ಬಂದು ಹೇಳಿಯಾಳು.