ಅಜ್ಜನ ಕೋವಿಗೆ ಕೈ ಹಚ್ಚುವ ಮೊದಲು

ಮಗಳೇ,

ಅಜ್ಜನ ಜೋಡಿನಳಿಗೆ ಕೋವಿ ಈಗ ನಿನ್ನ ಹೆಸರಿಗೆ ಬಂದಿದೆ. ಈ ಸಲದ ಕೈಲ್‌ಪೊಳ್ದ್ ಹಬ್ಬಕ್ಕೆ ಅದರಲ್ಲೇ ತೆಂಗಿನಕಾಯಿಗೆ ಗುರಿಯಿಡಬೇಕು, ಅಷ್ಟರೊಳಗೆ ಅದನ್ನು ನಿನ್ನ ಮೈಗೆ ಒಗ್ಗುವಂತೆ ಮಾಡಿಕೊಳ್ಳಬೇಕು ಅನ್ನುತ್ತೀಯ. ನಾನೇ ಮಾಡಿಕೊಳ್ಳಲೇ, ರಿಪೇರಿಯವರಿಗೆ ಕೊಡಲೇ ದೊಡ್ಡಪ್ಪ ಎಂದು ಕೇಳಿದ್ದಕ್ಕೆ ಫೋನಿನಲ್ಲಿ ಒಂದು ಮಾತಿನಲ್ಲಿ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ನೀನು ಲೇತ್ ಮುಂದೆ ನಿಂತು ಕೆಲಸ ಕಲಿತವಳು. ನಿನ್ನ ಕೈಕೆಲಸದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕೋವಿಯಲ್ಲಿ ಕೈಕೆಲಸ ಬಂದರೆ ಸಾಲದು. ಯಾವ ಜಾಗಕ್ಕೆ ಕೈ ಹಾಕುತ್ತಿದ್ದೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೊರಗಿನ ಮರ, ಎಣ್ಣೆ, ಒರೆಸುವುದು, ಅಳತೆ ತೆಗೆಯುವುದು ಧಾರಾಳವಾಗಿ ನೀನೇ ಮಾಡು. ಮದ್ದು ಉರಿಯುವ ಜಾಗ, ಟ್ರಿಗರ್ ಮತ್ತು ಕುದುರೆ (ಹ್ಯಾಮರ್) ಕಚ್ಚುವ ಜಾಗ ರಿಪೇರಿಯವರದು. ನಳಿಗೆಯ ಉದ್ದವನ್ನಂತೂ ಯಾರೂ ಮುಟ್ಟಬಾರದು.

ಮೊದಲು ನಿನಗೆ ಬೇಕಾಗಿರುವುದೇನು ನೋಡೋಣ. ಅಜ್ಜ ಆರಡಿ ಆಳು. ಆ ಕೋವಿ ಅವರ ತೋಳಿಗೆ ಹೇಳಿ ಮಾಡಿಸಿದ್ದು. ಮುಂದಿನ ಟ್ರಿಗರ್‌ನಿಂದ ಬಟ್ಟಿನ (ಭುಜಕ್ಕೆ ಒರಗುವ ಹಿಂಬದಿಯ ಮರದ) ನಡುವಿನವರೆಗಿನ ಉದ್ದ ಗಂಡಸರ ಕೋವಿಗಳಲ್ಲಿ ಸಾಮಾನ್ಯವಾಗಿ 14ರಿಂದ 14½ ಅಂಗುಲ. ಗಿಡ್ಡ ತೋಳಿನವರು ಅದನ್ನು ಎತ್ತಿದರೆ ಬಟ್ಟು ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಇಲ್ಲವೇ ಭುಜದ ಗುಳಿ ಬಿಟ್ಟು ತೋಳಿನ ಮೇಲೆ ಕೂರುತ್ತದೆ. ಅಲ್ಲಿ ಕೂತ ಕೋವಿ ಒದ್ದರೆ ಎರಡು ದಿನ ಕೈ ಎತ್ತಲಾಗದು. ಬರೀ ಉದ್ದವಷ್ಟೇ ಅಲ್ಲ. ಕೆನ್ನೆ ಒರಗುವ ಅಂಚು ತಗ್ಗಾಗಿದ್ದರೆ ಈಡು ಕೆಳಗೆ ಹೋಗುತ್ತದೆ, ಎತ್ತರವಾಗಿದ್ದರೆ ಮೇಲೆ. ಚರೆಕೋವಿಯಲ್ಲಿ ಹಿಂದಿನ ಗುರಿಕಣ್ಣು ಇರುವುದಿಲ್ಲ. ನಿನ್ನ ಕಣ್ಣೇ ಆ ಕೆಲಸ ಮಾಡುತ್ತದೆ, ಆ ಕಣ್ಣನ್ನು ಸರಿಯಾದ ಎತ್ತರದಲ್ಲಿ ನಿಲ್ಲಿಸುವುದು ಮರ. ಹಾಗಾಗಿ ಮರದ ಅಳತೆ ಸರಿಯಿಲ್ಲ ಎಂದು ನಿನಗೆ ಅನ್ನಿಸುತ್ತಿದ್ದರೆ ಅದು ಶೋಕಿಯ ಮಾತಲ್ಲ, ನಿಜವಾದ ತೊಂದರೆಯೇ.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಕೋವಿ ಮಡಚಿ ತೆರೆದು ಎರಡೂ ನಳಿಗೆ ಖಾಲಿಯೇ ಎಂದು ನೋಡು, ಬೆರಳು ಹಾಕಿ ಮತ್ತೆ ನೋಡು, ಎದುರಿಗೆ ಯಾರೂ ಇಲ್ಲದ ಗೋಡೆಯ ಕಡೆ ನಿಲ್ಲು. ಗೋಡೆಯ ಮೇಲೊಂದು ಗುರುತು ನೋಡಿಕೊಂಡು ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೆ ಏರಿಸು. ಕಣ್ಣು ಬಿಟ್ಟಾಗ ತುದಿಯ ಮಣಿ ಆ ಗುರುತಿನ ಮೇಲೆ ಇದೆಯೋ, ಪಕ್ಕಕ್ಕೋ, ಕೆಳಕ್ಕೋ? ನಳಿಗೆಗಳ ನಡುವಿನ ಪಟ್ಟಿ ಕಾಣುತ್ತಿದೆಯೋ, ಇಲ್ಲ ನಿನ್ನ ಹೆಬ್ಬೆರಳಷ್ಟೇ ಕಾಣುತ್ತಿದೆಯೋ? ಹತ್ತಾರು ಸಲ ಮಾಡಿ ಬರೆದಿಟ್ಟುಕೋ. ಎಷ್ಟೋ ಸಲ ತಪ್ಪು ಮರದ್ದಲ್ಲ, ಎತ್ತುವ ಕ್ರಮದ್ದು. ಕ್ರಮ ಸರಿಯಾದ ಮೇಲೂ ಒಂದೇ ಕಡೆ ತಪ್ಪುತ್ತಿದ್ದರೆ ಆಗ ಮರದ ಕೆಲಸ ಮಾಡಿಸೋಣ.

ಬಟ್ಟು ಕತ್ತರಿಸಲು ನಿನಗೆ ಬರುತ್ತದೆ, ಗೊತ್ತು. ಆದರೆ ಅಲ್ಲಿ ಬರೀ ಉದ್ದ ಕಡಿಮೆ ಮಾಡಿದರೆ ಮುಗಿಯಲಿಲ್ಲ. ಬಟ್ಟಿನ ಮುಖ ಎಷ್ಟು ಓರೆ ಇರಬೇಕು, ಹೆಂಗಸಿನ ಎದೆಯ ಮೇಲೆ ಅದರ ಕೆಳತುದಿ ಚುಚ್ಚದಂತೆ ಎಷ್ಟು ಹೊರಕ್ಕೆ ವಾಲಬೇಕು ಎಂಬುದೆಲ್ಲ ಆ ಒಂದೇ ಗರಗಸದ ಗೆರೆಯಲ್ಲಿ ನಿಶ್ಚಯವಾಗುತ್ತದೆ. ಒಳ್ಳೆಯ ರಿಪೇರಿಯವರು ಬಟ್ಟಿನ ಕತ್ತಿನ ಭಾಗಕ್ಕೆ ಬಿಸಿ ಅಗಸೆ ಎಣ್ಣೆ ಉಣಿಸಿ, ಚೌಕಟ್ಟಿನಲ್ಲಿ ಬಿಗಿದು, ಮರವನ್ನು ಸೀಳದೆ ಬೇಕಾದಷ್ಟು ಬಾಗಿಸುತ್ತಾರೆ. ಅದನ್ನು ಮನೆಯಲ್ಲಿ ಕಲಿಯುವುದಕ್ಕೆ ಅಜ್ಜನ ವಾಲ್‌ನಟ್ ಮರ ಸರಿಯಾದ ತುಂಡಲ್ಲ. ಕತ್ತರಿಸಲೇಬೇಕಾದರೆ ತೆಳ್ಳಗೆ, ನೇರವಾಗಿ ಕತ್ತರಿಸಲು ಹೇಳು, ಆ ತುಂಡನ್ನು ಕೇಳಿ ತಂದಿಟ್ಟುಕೋ. ನಾಳೆ ನಿನ್ನ ತಮ್ಮನೋ ಮಗನೋ ಉದ್ದ ಬೆಳೆದರೆ ಅದನ್ನೇ ಮತ್ತೆ ಕೂರಿಸಬಹುದು.

ಉದ್ದ ಕಡಿಮೆಯಾಯಿತು ಅನ್ನುವವರ ಕೆಲಸ ಇನ್ನೂ ಸುಲಭ. ಬಟ್ಟಿಗೆ ಹಾಕುವ ರಬ್ಬರ್ ಚೀಲವೋ ಚರ್ಮದ ಚೀಲವೋ ಸಿಗುತ್ತದೆ, ಸ್ಕ್ರೂ ಬೇಡ, ಅಂಟು ಬೇಡ. ಕೆನ್ನೆಯ ಎತ್ತರ ಏರಿಸಲೂ ಮೊದಲು ಬಟ್ಟೆಯ ಪಟ್ಟಿ ಸುತ್ತಿ ನೋಡಬಹುದು. ಬೇಡವೆಂದರೆ ಬಿಚ್ಚಿಬಿಡಬಹುದಾದ ಕೆಲಸವೆಲ್ಲ ನಿನ್ನ ಕೈಯದು ಎಂದುಕೋ. ಮರಕ್ಕೆ ಎಣ್ಣೆ ಹಚ್ಚುವುದೂ ನಿನ್ನದೇ. ಹಳೆಯ ಮೆರುಗು ಕೆರೆಯಬೇಡ. ಬಟ್ಟೆಯಲ್ಲಿ ಒರೆಸಿ, ಬೇಯಿಸಿದ ಅಗಸೆ ಎಣ್ಣೆಯನ್ನು ಬೆರಳ ತುದಿಯಷ್ಟು ತೆಗೆದುಕೊಂಡು ಅಂಗೈ ಬಿಸಿಯಾಗುವವರೆಗೆ ಉಜ್ಜು. ಮಾರನೆಯ ದಿನ ಮತ್ತೆ. ನಮ್ಮ ಮಳೆಗಾಲದಲ್ಲಿ ಮರಕ್ಕೆ ಈ ಆರೈಕೆ ಬೇಕು.

ಇನ್ನು ಒಳಗಿನ ವಿಷಯ. ನಿನ್ನ ಅಜ್ಜನ ಕೋವಿಯ ಸ್ಕ್ರೂಗಳನ್ನು ಹತ್ತಿರದಿಂದ ನೋಡಿದ್ದೀಯಾ? ತಲೆಯ ಸೀಳು ಕೂದಲಿನಷ್ಟು ತೆಳ್ಳಗಿದೆ. ಎಲ್ಲ ಸೀಳೂ ನಳಿಗೆಯ ಉದ್ದಕ್ಕೇ ಸರಿಯಾಗಿ ನಿಂತಿವೆ, ಸುತ್ತಲಿನ ಕೆತ್ತನೆಯ ಎಲೆಬಳ್ಳಿ ಸ್ಕ್ರೂ ತಲೆಯ ಮೇಲೂ ಹಾಗೇ ಮುಂದುವರಿದಿದೆ. ಹಾರ್ಡ್‌ವೇರ್ ಅಂಗಡಿಯ ಸ್ಕ್ರೂಡ್ರೈವರ್ ಅದರೊಳಗೆ ಪೂರ್ತಿ ಇಳಿಯುವುದಿಲ್ಲ. ಒತ್ತಿ ತಿರುಗಿಸಿದರೆ ಸೀಳಿನ ಅಂಚು ಕಿತ್ತು ಬರುತ್ತದೆ. ಈ ಕೆಲಸದವರು ಪ್ರತಿ ಸ್ಕ್ರೂಗೂ ತಿರುಪುಳಿಯ ತುದಿಯನ್ನು ಉಜ್ಜಿ ಹೊಂದಿಸಿಕೊಳ್ಳುತ್ತಾರೆ. ಒಳಗಿರುವ ಮಡಿಕೆ ಸ್ಪ್ರಿಂಗು ಬಿಗಿದುಕೊಂಡೇ ಇರುತ್ತದೆ, ಅದನ್ನು ಹಿಡಿಯುವ ಇಕ್ಕಳವಿಲ್ಲದೆ ತೆಗೆದರೆ ಕಣ್ಣಿಗೆ ಹಾರುತ್ತದೆ.

ಟ್ರಿಗರ್ ಗಟ್ಟಿ, ಸ್ವಲ್ಪ ಉಜ್ಜಿ ಹಗುರ ಮಾಡಿಕೊಳ್ಳುತ್ತೇನೆ ಅಂದೆಯಲ್ಲ, ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಕುದುರೆಯನ್ನು ತಡೆದು ನಿಲ್ಲಿಸಿರುವುದು ಕಚ್ಚಿಕೊಂಡ ಎರಡು ಉಕ್ಕಿನ ಅಂಚುಗಳು. ಆ ಅಂಚಿನ ಮೇಲ್ಮೈಯನ್ನು ಮಾತ್ರ ಬೆಂಕಿಯಲ್ಲಿ ಗಟ್ಟಿ ಮಾಡಿರುತ್ತಾರೆ. ಅರ ಹಾಕಿದರೆ ಆ ಗಟ್ಟಿ ಪದರವೇ ಹೋಗುತ್ತದೆ. ಅರ ಹಾಕಿದ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕೆಲವು ತಿಂಗಳು ಕಳೆದು ಮೆತ್ತನೆಯ ಲೋಹ ಸವೆದ ಮೇಲೆ ಕೋವಿಯನ್ನು ಟಪ್ಪೆಂದು ಮುಚ್ಚಿದರೂ ಕುದುರೆ ಬೀಳಬಹುದು. ನಮ್ಮೂರಿನಲ್ಲೇ ಒಬ್ಬರು ಬಲ ನಳಿಗೆ ಹಾರಿಸಿದಾಗ ಆ ಒದೆತಕ್ಕೇ ಎಡ ನಳಿಗೆಯೂ ಹಾರಿತು. ಅವರು ಹಿಂದಕ್ಕೆ ಬಿದ್ದರು, ಎರಡನೆಯ ಈಡು ಚಪ್ಪರದ ಮೇಲಿನಿಂದ ಹೋಯಿತು. ಹೆಂಗಸರು ಮಕ್ಕಳು ಕೂತಿದ್ದ ಚಪ್ಪರ ಅದು. ಬಿಚ್ಚಿ ನೋಡಿದಾಗ ಒಳಗೆ ಅರದ ಗೆರೆಗಳು ಹಾಗೇ ಇದ್ದವು.

ತೋಟಾ ಕೂರುವ ಕೊಠಡಿಯ ಬಗ್ಗೆ ಬಿಡಿಸಿ ಹೇಳಬೇಕು, ಇದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡುತ್ತಿಲ್ಲ. ಇಂಗ್ಲೆಂಡಿನಲ್ಲಿ ಮಾಡಿದ ಹಳೆಯ 12 ಬೋರ್‌ಗಳಲ್ಲಿ ಬಹಳಷ್ಟಕ್ಕೆ ಕೊಠಡಿಯ ಉದ್ದ 2½ ಅಂಗುಲ, ಅಂದರೆ 65 ಮಿಲಿಮೀಟರ್. ಇವತ್ತು ಅಂಗಡಿಯಲ್ಲಿ ಸುಲಭವಾಗಿ ಸಿಗುವ ತೋಟಾ 70 ಮಿಲಿಮೀಟರಿನದು. ಮೋಸ ಎಲ್ಲಿದೆ ನೋಡು: ಪೆಟ್ಟಿಗೆಯ ಮೇಲೆ ಬರೆದ ಆ ಉದ್ದ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು. ಮಡಚಿದ ಹೊಸ ತೋಟಾ ಅದಕ್ಕಿಂತ ಗಿಡ್ಡ, ಹಾಗಾಗಿ ಗಿಡ್ಡ ಕೊಠಡಿಯೊಳಗೂ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ಹಾರಿಸಿದಾಗ ಅದರ ಬಾಯಿ ಪೂರ್ತಿ ಬಿಚ್ಚಲು ಜಾಗವಿಲ್ಲದೆ ನಳಿಗೆಯ ಕಿರಿದಾದ ಕಡೆಗೆ ಒತ್ತಿಕೊಂಡು, ಒಳಗಿನ ಒತ್ತಡ ಏರುತ್ತದೆ. ಕೂತಿತು ಎಂದ ಮಾತ್ರಕ್ಕೆ ಅದು ಆ ಕೋವಿಯ ತೋಟಾ ಅಲ್ಲ.

ಮುಂಗೈಯ ಮರ ತೆಗೆದು ನಳಿಗೆಯನ್ನು ಕಳಚಿ ಅಡಿ ನೋಡು. ಅಲ್ಲಿ ಚಿಕ್ಕ ಚಿಕ್ಕ ಮುದ್ರೆಗಳಿವೆ. ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದ ಇರುವ ಪ್ರೂಫ್ ಹೌಸ್‌ನಲ್ಲಿ ಪ್ರತಿ ನಳಿಗೆಗೂ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ, ತಡೆದುಕೊಂಡಿದ್ದಕ್ಕೆ ಮಾತ್ರ ಒತ್ತುವ ಮುದ್ರೆ ಅದು. ನೈಟ್ರೋ, ಅಂದರೆ ಹೊಗೆಯಿಲ್ಲದ ಮದ್ದಿನ ಮುದ್ರೆ ಇಲ್ಲದಿದ್ದರೆ, ಅಥವಾ ನಳಿಗೆಯ ಮೈಮೇಲೆ ಸುರುಳಿ ಸುರುಳಿ ಗೆರೆಗಳಿದ್ದರೆ, ಅದು ಕರಿಮದ್ದಿನ ಕಾಲದ ಡಮಾಸ್ಕಸ್ ನಳಿಗೆ ಇರಬಹುದು. ಅಂಥದಕ್ಕೆ ಈಗಿನ ತೋಟಾ ಹಾಕುವಂತೆಯೇ ಇಲ್ಲ, ಪೂಜೆಗೆ ಇಟ್ಟುಕೊಳ್ಳುವುದು. ಕೊಠಡಿಯನ್ನು ಕೊರೆದು 70ಕ್ಕೆ ಉದ್ದ ಮಾಡಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ಕೊರೆದಷ್ಟೂ ಗೋಡೆ ತೆಳುವಾಗುತ್ತದೆ, ಹಳೆಯ ಮುದ್ರೆಯ ಭರವಸೆಗೆ ಬೆಲೆ ಉಳಿಯುವುದಿಲ್ಲ. ನನ್ನನ್ನು ಕೇಳಿದರೆ ಕೋವಿಗೆ ತಕ್ಕ ತೋಟಾ ಹುಡುಕು, ತೋಟಾಕ್ಕೆ ತಕ್ಕಂತೆ ಕೋವಿಯನ್ನು ಕೊರೆಯಬೇಡ.

ಚೋಕ್ ವಿಷಯವೂ ಇದೇ ದಾರಿ. ಎಡ ನಳಿಗೆಯ ಬಾಯಿ ಕಿರಿದಾಗಿದೆ, ಅದನ್ನು ಬಿಡಿಸಿ ಸ್ಕ್ರೂ ಚೋಕ್ ಹಾಕಿಸಲೇ ಎಂದೆ. ಫುಲ್ ಚೋಕ್ ಅಂದರೆ ಬಾಯಿಯಲ್ಲಿ ಬರೀ ಒಂದು ಮಿಲಿಮೀಟರಿನಷ್ಟು ಬಿಗಿತ. ಅಷ್ಟಕ್ಕೇ 40 ಗಜದಲ್ಲಿ 30 ಅಂಗುಲದ ಚಕ್ರದೊಳಗೆ ನೂರಕ್ಕೆ 70ರಷ್ಟು ಚರೆ ಬೀಳುತ್ತದೆ. ಚೋಕ್ ಇಲ್ಲದ ನಳಿಗೆಯಲ್ಲಿ 40ರಷ್ಟು. ತೆಂಗಿನಕಾಯಿಗೆ ನಿನಗೆ ಬೇಕಾದದ್ದು ಆ ಎಡ ನಳಿಗೆಯೇ. ಒಮ್ಮೆ ಕೆರೆದು ತೆಗೆದ ಬಿಗಿತವನ್ನು ಮತ್ತೆ ಸೇರಿಸಲು ಬರುವುದಿಲ್ಲ. ಹಳೆಯ ಜೋಡಿನಳಿಗೆಗಳ ತುದಿಯಲ್ಲಿ ತಿರುಪಿನ ಎಳೆ ಕೊರೆಯುವಷ್ಟು ದಪ್ಪವೂ ಇರುವುದಿಲ್ಲ.

ತುಕ್ಕು ಹಿಡಿದ ಕಡೆ ಹೊಸದಾಗಿ ಕಪ್ಪು ಬಣ್ಣ ಕೊಡಿಸುವಾಗಲೂ ಎಚ್ಚರ. ಎರಡು ನಳಿಗೆ ಮತ್ತು ನಡುವಿನ ಪಟ್ಟಿಯನ್ನು ಸೀಸ–ತವರದ ಬೆಸುಗೆ ಹಿಡಿದುಕೊಂಡಿರುತ್ತದೆ. ಬಿಸಿ ಕಾಸ್ಟಿಕ್ ತೊಟ್ಟಿಯಲ್ಲಿ ಅದ್ದಿ ತೆಗೆಯುವ ಬಣ್ಣ ಒಂಟಿನಳಿಗೆಗೆ ಸರಿ, ಜೋಡಿನಳಿಗೆಯಲ್ಲಿ ಆ ಬೆಸುಗೆಯನ್ನೇ ತಿಂದುಹಾಕುತ್ತದೆ. ನಿಧಾನವಾಗಿ ತುಕ್ಕು ಹಿಡಿಸಿ, ಕುದಿಸಿ, ಉಜ್ಜುವ ಹಳೆಯ ಕ್ರಮವೇ ಇದಕ್ಕೆ ಆಗಬೇಕು. ಬಫಿಂಗ್ ಚಕ್ರಕ್ಕೆ ಕೊಡಲೇಬೇಡ. ಕೋವಿಯ ನಂಬರ್ ಅಳಿಸಿಹೋದರೆ ಅದು ಬರೀ ನಷ್ಟವಲ್ಲ, ಅಪರಾಧ.

ಕಾನೂನಿನ ಮಾತು ಬಂತು, ಹೇಳಿಬಿಡುತ್ತೇನೆ. ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಡ ಎಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದಿದೆ. ಆದರೆ ಆ ವಿನಾಯಿತಿ ಇರುವುದು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ, ಹೊತ್ತೊಯ್ಯುವುದಕ್ಕೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೋವಿ ಮಾರ್ಪಡಿಸುವುದಕ್ಕೂ ದುರಸ್ತಿಗೂ ಪರವಾನಗಿ ಬೇಕು, ಪರವಾನಗಿಯಿಲ್ಲದೆ ನಳಿಗೆ ಗಿಡ್ಡ ಮಾಡುವುದಕ್ಕೂ ಪ್ರತ್ಯೇಕ ನಿಷೇಧವಿದೆ. 2019ರ ತಿದ್ದುಪಡಿಯ ನಂತರ ಇವಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ಹುಟ್ಟಿದಾಗ ಒಂದು ಈಡು, ಸತ್ತಾಗ ಎರಡು ಈಡು, ಪುತ್ತರಿ ಹಬ್ಬದ ಕದಿರು ಕೊಯ್ಯುವಾಗ ಒಂದು ಈಡು: ನಮ್ಮ ಬದುಕಿನಲ್ಲಿ ಕೋವಿಗೆ ಇಷ್ಟು ಗೌರವದ ಜಾಗವಿದೆ. ಆ ವಿನಾಯಿತಿಯನ್ನು ಪ್ರಶ್ನಿಸುವವರು ಹೊರಗೆ ಇದ್ದಾರೆ. ನಮ್ಮ ಮನೆಯ ಒಬ್ಬರು ನಳಿಗೆ ಕತ್ತರಿಸಿಕೊಂಡು ಸಿಕ್ಕಿಬಿದ್ದರೆ ಇಡೀ ಜಿಲ್ಲೆಯ ಹೆಸರು ಕೆಡುತ್ತದೆ. ಇದನ್ನು ನೀನು ನಿನ್ನ ಗೆಳೆಯ ಗೆಳತಿಯರಿಗೂ ಹೇಳಬೇಕು.

ರಿಪೇರಿಯವರನ್ನು ಆರಿಸುವುದೂ ಒಂದು ಕೆಲಸವೇ. ಅವರ ಪರವಾನಗಿ ಕೇಳಿ ನೋಡು, ಕೇಳುವುದರಲ್ಲಿ ಸಂಕೋಚ ಬೇಡ. ಅವರ ಮೇಜಿನ ಮೇಲಿನ ತಿರುಪುಳಿಗಳನ್ನು ನೋಡು, ರಿಪೇರಿಯಾಗಿ ಹೊರಟು ನಿಂತ ಕೋವಿಗಳ ಸ್ಕ್ರೂ ತಲೆಗಳನ್ನು ನೋಡು. ಕೊಠಡಿ ಅಳೆಯುವ ಗೇಜು, ನಳಿಗೆಯ ಗೋಡೆ ಅಳೆಯುವ ಗೇಜು ಇದೆಯೇ ಎಂದು ಕೇಳು. ಟ್ರಿಗರ್ ಎಷ್ಟು ಹಗುರ ಮಾಡಬಹುದು ಎಂದು ಕೇಳಿದಾಗ ಎಷ್ಟು ಬೇಕಾದರೂ ಎಂದವರಿಂದ ಕೋವಿ ವಾಪಸ್ ತೆಗೆದುಕೊಂಡು ಬಾ. ಇಂತಿಷ್ಟಕ್ಕಿಂತ ಕಡಿಮೆ ನಾನು ಮಾಡುವುದಿಲ್ಲ ಅನ್ನುವವರ ಹತ್ತಿರ ಬಿಟ್ಟು ಬಾ. ಕೊಡುವಾಗ ಕೋವಿಯ ನಂಬರ್ ಬರೆದ ರಸೀದಿ ತೆಗೆದುಕೋ, ಮಾಡಬೇಕಾದ ಕೆಲಸವನ್ನು ಅದರಲ್ಲೇ ಬರೆಸು. ಹೋಗುವಾಗ ಕೋವಿ ಖಾಲಿ ಇರಲಿ, ಚೀಲದಲ್ಲಿರಲಿ, ವಿನಾಯಿತಿ ಪತ್ರ ಜೊತೆಗಿರಲಿ.

ಮಲೆನಾಡಿನ, ಕರಾವಳಿಯ ನಮ್ಮ ನೆಂಟರಿಗೆ ನೀನು ಹೇಳಬೇಕಾದ ಇನ್ನೊಂದು ಮಾತಿದೆ. ಬೆಳೆ ರಕ್ಷಣೆಯ ಪರವಾನಗಿ ಕೋವಿಗಳನ್ನು ಚುನಾವಣೆಯ ಹೊತ್ತಿನಲ್ಲಿ ಹಲವು ಸಲ ಠಾಣೆಗೆ ಒಪ್ಪಿಸಬೇಕಾಗಿ ಬರುತ್ತದೆ. ತಿಂಗಳುಗಟ್ಟಲೆ ಎಣ್ಣೆ ಕಾಣದೆ ನಿಂತು ಬಂದ ಕೋವಿಯ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡದೆ ಹಾರಿಸಬಾರದು. ಒಳಗೆ ಕಣಜ ಗೂಡು ಕಟ್ಟಿರುವುದೂ ಉಂಟು, ತುಕ್ಕಿನ ಗುಳಿ ಬಿದ್ದಿರುವುದೂ ಉಂಟು.

ಈಗ ನೀನು ಮಾಡಬೇಕಾದದ್ದು ಇಷ್ಟು. ಈ ವಾರ ಮುದ್ರೆಗಳ ಫೋಟೋ ತೆಗೆದು ನನಗೆ ಕಳಿಸು, ಕಣ್ಣು ಮುಚ್ಚಿ ಎತ್ತುವ ಪರೀಕ್ಷೆ ಮಾಡಿ ಬರೆದದ್ದನ್ನೂ ಕಳಿಸು. ಬರುವ ತಿಂಗಳು ನೀನು ಊರಿಗೆ ಬಂದಾಗ ಇಬ್ಬರೂ ಸೇರಿ ರಿಪೇರಿಯವರ ಹತ್ತಿರ ಹೋಗೋಣ. ಕೊಠಡಿ ಅಳೆಸೋಣ, ಬಟ್ಟಿನ ಅಳತೆ ಕೊಡೋಣ. ಕೈಲ್‌ಪೊಳ್ದ್ ಸೆಪ್ಟೆಂಬರ್ 3ಕ್ಕೆ, ಅವಸರವೇನೂ ಇಲ್ಲ. ಅಲ್ಲಿಯವರೆಗೆ ಆ ಕೋವಿಗೆ ಒಂದೇ ಒಂದು ತೋಟಾವನ್ನೂ ಹಾಕಬೇಡ.