ಲಾರಿಯ ಅಳತೆಯೂ ಹೇರಿನ ಪ್ರಮಾಣವೂ

ಮಂಡ್ಯದ ಸಕ್ಕರೆ ಕಾರ್ಖಾನೆಯು 1933ರಲ್ಲಿ ಸ್ಥಾಪಿತವಾದ ಕಾಲದಲ್ಲಿ ಕಬ್ಬು ಸಾಗಿಸಲು ಎತ್ತಿನ ಗಾಡಿಯೇ ರೈತನ ಸಾಧನವಾಗಿದ್ದಿತು. ಹೇರಿನ ಮಿತಿಯನ್ನು ಎತ್ತುಗಳೇ ತಿಳಿಸುತ್ತಿದ್ದುವು. ಭಾರ ಹೆಚ್ಚಾದರೆ ಅವು ಹೆಜ್ಜೆ ಕೀಳುತ್ತಿರಲಿಲ್ಲ. ಮೋಟಾರು ಲಾರಿಯು ಹಾಗೆ ತಿಳಿಸಲಾರದು. ಆದಕಾರಣ ಹೇರುವುದಕ್ಕೆ ಮೊದಲೇ ಲೆಕ್ಕ ಮಾಡಿಕೊಳ್ಳುವುದು ಹಿಡುವಳಿದಾರರ ಕರ್ತವ್ಯವಾಗಿದೆ.

ಲಾರಿಯ ಹೇರಿಗೆ ಎರಡು ಬಗೆಯ ಮಿತಿಗಳುಂಟು. ಮೊದಲನೆಯದು ತೂಕ. ಆರು ಚಕ್ರದ ಲಾರಿಯು ಹೇರೂ ಸೇರಿ 16.2 ಟನ್ನಿಗಿಂತ ಹೆಚ್ಚು ತೂಗಬಾರದೆಂದು ಮೊದಲು ಇದ್ದ ನಿಯಮವನ್ನು 2018ರಲ್ಲಿ ಸಡಿಲಿಸಿ, 18.5 ಟನ್ನಿನವರೆಗೆ ಅವಕಾಶ ಕೊಡಲಾಯಿತು. ಆದರೂ ಆಯಾ ಲಾರಿಯ ನೋಂದಣಿ ಪತ್ರದಲ್ಲಿ ಬರೆದಿರುವ ತೂಕವೇ ಅದಕ್ಕೆ ಪ್ರಮಾಣ. ಎರಡನೆಯದು ಗಾತ್ರ. ಅಗಲವು 2.6 ಮೀಟರನ್ನೂ, ನೆಲದಿಂದ ಎತ್ತರವು 4 ಮೀಟರನ್ನೂ, ಅಂದರೆ ಸುಮಾರು 13 ಅಡಿಯನ್ನೂ, ಮೀರಬಾರದು. ಹೇರು ಲಾರಿಯ ಮೈಯಿಂದ ಆಚೆಗೆ ಚಾಚಿಕೊಂಡಿರಲೂ ಕೂಡದು.

ಈ ಎರಡರಲ್ಲಿ ಯಾವುದು ಮೊದಲು ಮುಗಿಯುವುದೆಂಬುದು ಸರಕಿನ ಗುಣವನ್ನು ಅನುಸರಿಸಿದೆ. ಇದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಒಂದು ಲಾರಿಯ ತಳವು 18 ಅಡಿ ಉದ್ದ, 7 ಅಡಿ ಅಗಲವಿದ್ದು, ಅದರಲ್ಲಿ 6 ಅಡಿ ಎತ್ತರ ಕಬ್ಬು ಜೋಡಿಸಿದರೆ 756 ಘನ ಅಡಿಯಾಗುವುದು. ವೇಬ್ರಿಜ್ಜಿನಲ್ಲಿ ಆ ಕಬ್ಬು 8,316 ಕಿಲೋ ತೂಗಿದರೆ ಘನ ಅಡಿಗೆ 11 ಕಿಲೋ ಬಿದ್ದಂತಾಯಿತು. ಖಾಲಿ ಲಾರಿಯ ತೂಕ 7 ಟನ್ನಾದರೆ ಹೇರಿಗೆ ಉಳಿಯುವುದು 11.5 ಟನ್ನು. ಈ ತೂಕಕ್ಕೆ 8 ಅಡಿ 3 ಅಂಗುಲ ಎತ್ತರ ಹೇರಬಹುದು. ತಳವು ನೆಲದಿಂದ ನಾಲ್ಕೂವರೆ ಅಡಿ ಇದ್ದರೆ ಒಟ್ಟು ಎತ್ತರ 12 ಅಡಿ 9 ಅಂಗುಲ. ಅದರ ಮೇಲೆ ಒಂದೇ ಅಡಿ ಹೆಚ್ಚಿಸಿದರೂ 1,386 ಕಿಲೋ ಅಧಿಕವಾಗಿ, ತೂಕವೂ ಎತ್ತರವೂ ಒಟ್ಟಿಗೆ ಮಿತಿ ಮೀರುವುವು.

ಅದೇ ಲಾರಿಗೆ ಆಲೆಮನೆಯ ಬೆಲ್ಲವನ್ನು ಹೇರಿದರೆ ಲೆಕ್ಕವೇ ಬೇರೆ. ಘನ ಅಡಿಗೆ 25 ಕಿಲೋ ಬರುವುದಾದರೆ ಮೂರೂವರೆ ಅಡಿ ದಾಟುವಷ್ಟರಲ್ಲಿಯೇ ತೂಕ ಮುಗಿಯುವುದು. ಲಾರಿಯು ಅರೆ ಖಾಲಿಯಾಗಿ ಕಾಣುವುದರಿಂದ ಇಲ್ಲಿಯೇ ಮೋಸಹೋಗುವುದು ಸುಲಭ. ಬತ್ತದ ಹುಲ್ಲಾದರೋ ಎತ್ತರದ ಮಿತಿ ಮುಟ್ಟಿದರೂ ತೂಕ ಅರ್ಧಕ್ಕೂ ಬಾರದು. ಅಲ್ಲಿ ಪಕ್ಕಕ್ಕೆ ಚಾಚದಂತೆ ನೋಡಿಕೊಳ್ಳುವುದೇ ಮುಖ್ಯ.

ಮಿತಿ ಮೀರಿದ ತೂಕಕ್ಕೆ ಕಾಯಿದೆಯಲ್ಲಿ 20,000 ರೂಪಾಯಿ ದಂಡವೂ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿಯೂ ಉಂಟು. ಹೆಚ್ಚಿನ ಸರಕನ್ನು ಅಲ್ಲಿಯೇ ಇಳಿಸಬೇಕು. ಹೊರಗೆ ಚಾಚಿದ ಹೇರಿಗೆ 20,000 ರೂಪಾಯಿ ದಂಡ ಬೇರೆ. ದಂಡವು ಲಾರಿಯವನ ಮೇಲೆ ಬಿದ್ದರೂ ಬಾಡಿಗೆಯ ರೂಪದಲ್ಲಿ ರೈತನನ್ನೇ ಸೇರಬಹುದು. ಕತ್ತರಿಸಿದ ಕಬ್ಬನ್ನು 24 ಗಂಟೆಗಳೊಳಗೆ ಅರೆಯುವುದು ಉತ್ತಮ. ಲಾರಿ ದಾರಿಯಲ್ಲಿ ನಿಂತಷ್ಟು ಹೊತ್ತೂ ತೂಕವೂ ಸಕ್ಕರೆಯ ಅಂಶವೂ ಕುಂದುತ್ತಿರುವುವು. ಇದೆಲ್ಲಕ್ಕಿಂತ ದೊಡ್ಡ ನಷ್ಟವೊಂದುಂಟು. ಮಳವಳ್ಳಿಯಿಂದ ಭಾರತೀನಗರದ ಮೇಲೆ ಮದ್ದೂರಿಗೆ ಬರುವ ರಸ್ತೆಯಲ್ಲಿ ರಾತ್ರಿ ಹೊತ್ತು ಪಕ್ಕಕ್ಕೆ ಚಾಚಿದ ಕಬ್ಬಿನ ಜಲ್ಲೆಯು ಎದುರು ಬರುವ ಬೈಸಿಕಲ್ಲು, ಬೈಕು ಸವಾರರಿಗೆ ಕಾಣದು. ಅದು ತಗುಲಿದರೆ ಪ್ರಾಣಕ್ಕೇ ಅಪಾಯ.

ಟ್ರಾಕ್ಟರಿನ ಟ್ರೈಲರಿಗೂ ಇದೇ ಬಗೆಯಲ್ಲಿ ಲೆಕ್ಕ ಮಾಡಬಹುದು. ಆದರೆ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ನೆಯ ಆಗಸ್ಟ್ 1ರಿಂದ ಟ್ರಾಕ್ಟರುಗಳಿಗೆ ಪ್ರವೇಶವನ್ನು ನಿಷೇಧಿಸಿರುವುದರಿಂದ, ಅವನ್ನು ಪಕ್ಕದ ಸರ್ವಿಸ್ ರಸ್ತೆಯಲ್ಲಿ ನಡೆಸತಕ್ಕದ್ದು.

ಗ್ರಾಮದ ಮುಖಂಡರು ಕಟಾವಿಗೆ ಮುಂಚೆ ಊರಿಗೆ ಬರುವ ಲಾರಿಗಳ ತಳವನ್ನು ಅಳೆಸಿ, ಮೊದಲನೆಯ ಹೇರನ್ನು ತೂಗಿಸಿ, ಎಷ್ಟು ಎತ್ತರಕ್ಕೆ ಮಿತಿಯೆಂಬುದನ್ನು ಲಾರಿಯ ಒಳಗೋಡೆಯ ಮೇಲೂ, ಗೋಡೆ ಗಿಡ್ಡವಾಗಿದ್ದರೆ ಅಳತೆಗೋಲಿನ ಮೇಲೂ ಬಣ್ಣದಿಂದ ಗುರುತು ಮಾಡಿಸಲಿ. ಹೇರುವ ಆಳುಗಳಿಗೆ ಆ ಗೆರೆಯೊಂದೇ ಸಾಕು.