ಕಡಲೆಕಾಯಿಯ ಹಿಂದಿರುವ ವಿದ್ಯೆ

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಸೇರುತ್ತದೆ. ದೊಡ್ಡ ಗಣಪತಿ ಮತ್ತು ದೊಡ್ಡ ಬಸವಣ್ಣನ ದೇವಾಲಯಗಳ ಮುಂದಿನ ರಸ್ತೆಯ ಎರಡು ಬದಿಗಳಲ್ಲಿಯೂ ಗೋಣಿತಾಟುಗಳನ್ನು ಹಾಸಿ, ಅವುಗಳ ಮೇಲೆ ಕಡಲೆಕಾಯಿಯನ್ನು ರಾಶಿ ರಾಶಿಯಾಗಿ ಸುರಿದಿರುತ್ತಾರೆ. ಹಸಿಯ ಕಾಯಿ, ಒಣಗಿದ ಕಾಯಿ, ಹುರಿದದ್ದು, ಬೇಯಿಸಿದ್ದು, ಎರಡು ಬೀಜದ್ದು, ಮೂರು ಬೀಜದ್ದು ಎಂದು ನಾನಾ ಬಗೆ. ಹಿಂದೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರು ಇಲ್ಲಿ ಕಡಲೆಕಾಯಿಯನ್ನು ಬೆಳೆಯುತ್ತಿದ್ದರೆಂದೂ, ರಾತ್ರಿಯ ವೇಳೆ ಬಸವನೊಂದು ಬಂದು ಪೈರನ್ನು ಮೇಯುತ್ತಿತ್ತೆಂದೂ, ಅದನ್ನು ಸಂತೈಸಲು ಮೊದಲ ಫಸಲನ್ನು ಅದಕ್ಕೆ ಅರ್ಪಿಸುವ ಹರಕೆ ಹೊತ್ತರೆಂದೂ ಐತಿಹ್ಯ ಹೇಳುತ್ತದೆ. ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಾಲಯದ ಬಳಿಯಲ್ಲಿಯೂ ಇಂತಹ ಪರಿಷೆ ನಡೆಯುತ್ತಿದೆ.

ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಯೂರೋಪಿಯನ್ನರು ಸಮುದ್ರಮಾರ್ಗವಾಗಿ ಇತ್ತ ಬಂದ ಮೇಲೆಯೇ ಅದು ನಮ್ಮ ನೆಲವನ್ನು ಸೇರಿತು. ಹಾಗಿದ್ದ ಮೇಲೆ ಬಸವಣ್ಣನ ಕಥೆ ಎಷ್ಟು ಹಳೆಯದು ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಇತಿಹಾಸಕಾರರಿಗೆ ಬಿಡುವುದೇ ಲೇಸು. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಪರಿಷೆ ಸೇರುವ ಇದೇ ಬುಲ್ ಟೆಂಪಲ್ ರಸ್ತೆಯಲ್ಲಿ 1946ರಲ್ಲಿ ಬಿ. ಎಂ. ಶ್ರೀನಿವಾಸಯ್ಯನವರು ಸ್ಥಾಪಿಸಿದ ಎಂಜಿನಿಯರಿಂಗ್ ಕಾಲೇಜು ಇದೆ. ಖಾಸಗಿಯವರು ನಮ್ಮ ದೇಶದಲ್ಲಿ ತೆರೆದ ಮೊದಲ ಎಂಜಿನಿಯರಿಂಗ್ ಕಾಲೇಜು ಅದು. ಸೇತುವೆ, ಯಂತ್ರ, ವಿದ್ಯುತ್ತುಗಳನ್ನು ಅಭ್ಯಾಸ ಮಾಡಿದ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಕಡಲೆಕಾಯಿ ಸುಲಿದು ತಿನ್ನುತ್ತ ಈ ಪರಿಷೆಯ ನಡುವೆ ಹಾದುಹೋಗಿದ್ದಾರೆ. ಆ ಕಾಯಿ ನೆಲದಿಂದ ಗೋಣಿಯವರೆಗೆ ಬರುವ ದಾರಿಯೂ ಎಂಜಿನಿಯರಿಂಗಿನ ವಿಷಯವೇ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಅದನ್ನು ಕಲಿಸುವ ಶಾಸ್ತ್ರಕ್ಕೆ ವ್ಯವಸಾಯ ಎಂಜಿನಿಯರಿಂಗ್ ಎಂದು ಹೆಸರು.

ಈ ಶಾಸ್ತ್ರ ಪ್ರತ್ಯೇಕ ವಿದ್ಯೆಯಾಗಿ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅಮೆರಿಕದ ಅಯೋವಾ ರಾಜ್ಯದ ಕಾಲೇಜಿನಲ್ಲಿ ಜೆ. ಬಿ. ಡೇವಿಡ್‌ಸನ್ ಎಂಬವರ ನೇತೃತ್ವದಲ್ಲಿ 1905ರಲ್ಲಿ ಇದರ ವಿಭಾಗ ಏರ್ಪಟ್ಟಿತು. ಭಾರತದಲ್ಲಿ ಇದರ ಪದವಿ ಶಿಕ್ಷಣಕ್ಕೆ ನಾಂದಿ ಹಾಡಿದವರು ಅಲಹಾಬಾದಿನ ಕೃಷಿ ಸಂಸ್ಥೆಯಲ್ಲಿದ್ದ ಮೇಸನ್ ವಾ ಎಂಬ ಅಮೆರಿಕನ್ನರು. ಅದು 1940ರ ದಶಕದ ಮಾತು. ಬೆಂಗಳೂರಿನ ಹೆಬ್ಬಾಳದಲ್ಲಿ 1899ರಲ್ಲಿ ಪ್ರಯೋಗಕ್ಷೇತ್ರವೂ, 1913ರಲ್ಲಿ ವ್ಯವಸಾಯ ಶಾಲೆಯೂ, 1946ರಲ್ಲಿ ವ್ಯವಸಾಯ ಕಾಲೇಜೂ ಆರಂಭವಾದವು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡು, ಮುಂದೆ ಯಲಹಂಕದ ದಾರಿಯಲ್ಲಿರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಶಾಲವಾದ ಆವರಣಕ್ಕೆ ವಿಸ್ತರಿಸಿತು. ಇಂದು ಅಲ್ಲಿಯೂ ರಾಯಚೂರಿನಲ್ಲಿಯೂ ವ್ಯವಸಾಯ ಎಂಜಿನಿಯರಿಂಗಿನ ನಾಲ್ಕು ವರ್ಷಗಳ ಪದವಿ ಶಿಕ್ಷಣ ದೊರೆಯುತ್ತದೆ. ಬೇಸಾಯದ ಯಂತ್ರ ಮತ್ತು ಶಕ್ತಿ, ಮಣ್ಣು ಮತ್ತು ನೀರಿನ ಸಂರಕ್ಷಣೆ, ನೀರಾವರಿ, ಫಸಲಿನ ಸಂಸ್ಕರಣ ಎಂಬಿವು ಅದರ ಮುಖ್ಯ ಶಾಖೆಗಳು. ಹೆಸರುಗಳನ್ನು ಕೇಳಿದಾಗ ಇವು ಒಂದಕ್ಕೊಂದು ಸಂಬಂಧವಿಲ್ಲದವುಗಳಂತೆ ತೋರಬಹುದು. ಪರಿಷೆಯ ಒಂದೇ ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು ಅದು ಬಂದ ದಾರಿಯಲ್ಲಿ ಹಿಂದಕ್ಕೆ ನಡೆದರೆ ಸಂಬಂಧ ತಾನಾಗಿಯೇ ತಿಳಿಯುತ್ತದೆ.

ಕಡಲೆಕಾಯಿ ವಿಚಿತ್ರವಾದ ಗಿಡ. ಅದರ ಹೂವು ನೆಲದ ಮೇಲೆ ಅರಳುತ್ತದೆ, ಕಾಯಿ ನೆಲದೊಳಗೆ ಕಟ್ಟುತ್ತದೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂತಹ ಒಂದು ಕುಡಿ ಹೊರಟು, ಕೆಳಕ್ಕೆ ಬಾಗಿ, ಮಣ್ಣನ್ನು ಚುಚ್ಚಿಕೊಂಡು ಒಳಗೆ ಇಳಿಯುತ್ತದೆ. ಮಣ್ಣು ಗಟ್ಟಿಯಾಗಿದ್ದರೆ ಕುಡಿ ಒಳಗೆ ಇಳಿಯಲಾರದು. ಇಳಿಯದಿದ್ದರೆ ಕಾಯಿ ಇಲ್ಲ. ಆದುದರಿಂದ ಈ ಬೆಳೆಗೆ ಹದವಾದ ಉಳುಮೆ ಅತ್ಯವಶ್ಯಕ. ಆ ಉಳುಮೆಯ ಬೆಲೆ ಎಷ್ಟು? ಸಾಲಿನ ಅಗಲ 15 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಒಂದು ಹೆಕ್ಟೇರು ಹೊಲವನ್ನು ಒಂದು ಸಲ ಉಳಲು ನೇಗಿಲಿನ ಹಿಂದೆ 66 ಕಿಲೋಮೀಟರುಗಳಿಗೂ ಹೆಚ್ಚು ದೂರ ನಡೆಯಬೇಕಾಗುತ್ತದೆ. ಬೆಂಗಳೂರಿನಿಂದ ತುಮಕೂರಿಗೆ ನಡೆದಷ್ಟೇ ಆಯಿತು. ಅದೂ ಹೆಂಟೆಗಳ ಮೇಲೆ, ಮೇಳಿಯನ್ನು ಒತ್ತಿ ಹಿಡಿದು. ಎತ್ತುಗಳಾದರೋ ತಮ್ಮ ತೂಕದ ಸುಮಾರು ಹತ್ತನೆಯ ಒಂದು ಭಾಗದಷ್ಟು ಬಲವನ್ನು ಮಾತ್ರ ಹೊತ್ತುಗಟ್ಟಲೆ ಎಳೆಯಬಲ್ಲವು. ನೊಗಕ್ಕೂ ನೇಗಿಲಿಗೂ ನಡುವೆ ಡೈನಮೋಮೀಟರ್ ಎಂಬ ಉಪಕರಣವನ್ನು ಕಟ್ಟಿ, ಯಾವ ಆಕಾರದ ಕುಳ ಎಷ್ಟು ಎಳೆತವನ್ನು ಬೇಡುತ್ತದೆ ಎಂಬುದನ್ನು ವಿದ್ಯಾರ್ಥಿ ಅಳೆಯುತ್ತಾನೆ. ಕುಳದ ಬಾಗು ಸ್ವಲ್ಪ ಬದಲಾದರೆ ಎತ್ತಿನ ಹೆಗಲಿನ ಭಾರ ಬದಲಾಗುತ್ತದೆ. ಟ್ರಾಕ್ಟರಿನ ಕಾಲದಲ್ಲಿಯೂ ಈ ಲೆಕ್ಕ ಹಾಗೆಯೇ ಉಳಿದಿದೆ. ಹೆಗಲಿನ ಬದಲು ಡೀಸೆಲ್ಲಿನ ಖರ್ಚು ಎಂಬುದಷ್ಟೇ ವ್ಯತ್ಯಾಸ.

ಹಳೆಯ ಉಪಕರಣಗಳನ್ನು ಕಂಡು ಮೂಗು ಮುರಿಯುವವರು ಉಂಟು. ಅಂಥವರಿಗೆ ಕೂರಿಗೆಯ ಕಥೆ ತಕ್ಕ ಉತ್ತರವಾಗಬಲ್ಲದು. ಇಂಗ್ಲೆಂಡಿನ ಜೆಥ್ರೊ ಟಲ್ ಸಾಲಾಗಿ ಬಿತ್ತುವ ಯಂತ್ರವನ್ನು 1701ರ ಸುಮಾರಿಗೆ ನಿರ್ಮಿಸಿದನೆಂದು ಪುಸ್ತಕಗಳು ಹೇಳುತ್ತವೆ. 1795ರಲ್ಲಿ ಗುಂಟೂರು ಸೀಮೆಯಲ್ಲಿದ್ದ ಕ್ಯಾಪ್ಟನ್ ಹ್ಯಾಲ್ಕಾಟ್ ಎಂಬ ಅಧಿಕಾರಿ, ಅಲ್ಲಿನ ರೈತರು ಇಂತಹ ಸಾಧನದಿಂದಲೇ ಬಿತ್ತುತ್ತಿದ್ದುದನ್ನು ಕಂಡು ಬೆರಗಾದ. ಅದು ಯೂರೋಪಿನ ಹೊಸ ಶೋಧವೆಂದೇ ಅವನು ಅದುವರೆಗೆ ತಿಳಿದಿದ್ದ. ಐದು ವರ್ಷಗಳ ತರುವಾಯ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನೂ ಇಲ್ಲಿನ ಕೂರಿಗೆಯನ್ನು ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಮರದ ಬಟ್ಟಲು, ಅದರ ತಳದ ತೂತುಗಳು, ಆ ತೂತುಗಳಿಂದ ಇಳಿಯುವ ಬಿದಿರಿನ ಕೊಳವೆಗಳು: ಇಷ್ಟೇ ಅದರ ರಚನೆ. ಹಿಂದೆ ನಡೆಯುವವರ ಕೈ ಬಟ್ಟಲಿಗೆ ರಾಗಿಯನ್ನು ಸಮವಾಗಿ ಬಿಡುತ್ತ ಹೋಗಬೇಕು. ಆ ಕೈಯ ಹದವನ್ನು ಹಲ್ಲಿನ ಚಕ್ರಕ್ಕೆ ಕಲಿಸುವುದೇ ಇಂದಿನ ಬಿತ್ತನೆಯ ಯಂತ್ರದ ಮುಖ್ಯ ಸಮಸ್ಯೆ. ರಾಗಿಯ ಕಾಳು ಉರುಳುತ್ತದೆ. ಕಡಲೆಬೀಜ ದೊಡ್ಡದು, ಮೇಲಾಗಿ ಮೆದು. ಚಕ್ರದ ಗುಳಿಯಲ್ಲಿ ಸಿಕ್ಕಿ ಸೀಳಿದರೆ ಅದು ಮೊಳೆಯುವುದಿಲ್ಲ.

ಬಿತ್ತಿದ ಮೇಲೆ ಮಳೆಯನ್ನು ನೆಚ್ಚಬೇಕು. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಕಡಲೆಕಾಯಿಯ ಹೊಲಗಳಲ್ಲಿ ಹೆಚ್ಚಿನವು ಮಳೆಯಾಶ್ರಿತ. ಒಂದು ಹೆಕ್ಟೇರಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರು ನೀರು ಬಿದ್ದಂತೆ. ಅದರಲ್ಲಿ ಎಷ್ಟು ನೆಲಕ್ಕೆ ಇಂಗುತ್ತದೆ, ಎಷ್ಟು ಕೆಂಪಾಗಿ ಹಳ್ಳಕ್ಕೆ ಹರಿಯುತ್ತದೆ ಎಂಬುದು ಇಳಿಜಾರನ್ನೂ ಬದುವನ್ನೂ ಅವಲಂಬಿಸಿದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 16 ಟನ್ನುಗಳಷ್ಟು ಮಣ್ಣು ಕೊಚ್ಚಿಹೋಗುತ್ತದೆಂದು 1983ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಸಮಪಾತಳಿಯ ಬದುಗಳನ್ನು ಗುರುತಿಸುವುದು, ಹೆಚ್ಚಾದ ನೀರು ಬದುವನ್ನು ಒಡೆಯದಂತೆ ಕೋಡಿ ಬಿಡುವುದು, ಕೃಷಿಹೊಂಡದ ಅಳತೆಯನ್ನು ನಿರ್ಧರಿಸುವುದು ಇವೆಲ್ಲವೂ ವಿದ್ಯಾರ್ಥಿಯ ಪಾಠಗಳು. ಬಸವನಗುಡಿಯ ಮಗ್ಗುಲಲ್ಲಿರುವ ಕೆಂಪಾಂಬುಧಿ ಕೆರೆಯನ್ನು ಕಟ್ಟಿದವರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿರಲಿಕ್ಕಿಲ್ಲ. ಲೆಕ್ಕವಿಲ್ಲದೆ ಕಟ್ಟಿದರೆಂದು ಮಾತ್ರ ಹೇಳಲಾಗದು.

ಕೊಯ್ಲಿನ ಸಮಯ ಅತ್ಯಂತ ಸೂಕ್ಷ್ಮವಾದದ್ದು. ಕಾಯಿ ಬಲಿತಾಗ ನೆಲದಲ್ಲಿ ಪಸೆ ಇರಬೇಕು. ಮಳೆ ಹಿಂದೆಗೆದು ಕೆಮ್ಮಣ್ಣು ಬಿಗಿದುಕೊಂಡರೆ, ಗಿಡವನ್ನು ಕಿತ್ತಾಗ ಕಾಯಿ ಮಣ್ಣಿನಲ್ಲೇ ಉಳಿದುಬಿಡುತ್ತದೆ. ಕಾಯಿಗಳ ಕೆಳಗೆ ಅಲಗನ್ನು ಹಾಯಿಸಿ ಬೇರು ಕತ್ತರಿಸಿ ಗಿಡವನ್ನು ಸಡಿಲಿಸುವ ಉಪಕರಣಗಳು ಬಂದಿವೆ. ಅಲಗು ಮೇಲೆ ಹೋದರೆ ಕಾಯಿ ತುಂಡಾಗುತ್ತದೆ; ಆಳಕ್ಕೆ ಹೋದರೆ ಎಳೆತ ಹೆಚ್ಚುತ್ತದೆ. ಕಿತ್ತ ಗಿಡದಿಂದ ಕಾಯಿಗಳನ್ನು ಬಿಡಿಸುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಮುಂಜಾನೆಯಿಂದ ಬೈಗಿನವರೆಗೆ ಕುಕ್ಕರುಗಾಲಿನಲ್ಲಿ ಕುಳಿತು, ಬೆರಳ ತುದಿ ಒಡೆಯುವವರೆಗೂ ಬಿಡಿಸುತ್ತಾರೆ. ಇದಕ್ಕೆ ಯಂತ್ರ ಬರಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಕೂಲಿಯಿಂದಲೇ ಒಲೆ ಉರಿಸುವ ಮನೆಗಳೂ ಇವೆ. ಯಂತ್ರದಿಂದ ಉಳಿಯುವ ಹಣ ಯಾರ ಕೈ ಸೇರುತ್ತದೆ, ಉಳಿಯುವ ಹೊತ್ತು ಯಾರದ್ದಾಗುತ್ತದೆ ಎಂಬ ಪ್ರಶ್ನೆಗಳಿಗೆ ನಕ್ಷೆಯ ಹಾಳೆಯಲ್ಲಿ ಉತ್ತರವಿಲ್ಲ. ಹಳ್ಳಿಯಲ್ಲಿ ಕೆಲವು ವಾರ ತಂಗಿ ಕಲಿಯುವ ವಿದ್ಯಾರ್ಥಿಗೆ ಅವು ಎದುರಾಗದೆ ಇರುವುದಿಲ್ಲ.

ಬಿಡಿಸಿದ ಕಾಯಿಯನ್ನು ಒಣಗಿಸುವುದು ಮುಂದಿನ ಹಂತ. ಕಿತ್ತ ಕೂಡಲೇ ಕಾಯಿಯ ತೂಕದಲ್ಲಿ ನೂರಕ್ಕೆ 40 ಭಾಗಕ್ಕೂ ಮಿಕ್ಕಿ ನೀರಿರುವುದುಂಟು. ಶೇಖರಿಸಿಡಬೇಕಾದರೆ ಅದು 8 ಭಾಗದ ಸಮೀಪಕ್ಕೆ ಇಳಿಯಬೇಕು. 40 ಭಾಗ ನೀರಿರುವ 100 ಕಿಲೋಗ್ರಾಂ ಕಾಯಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಒಣ ಪದಾರ್ಥ 60 ಕಿಲೋಗ್ರಾಂ. ನೀರು ನೂರಕ್ಕೆ 8 ಭಾಗಕ್ಕೆ ಇಳಿದಾಗ ಒಟ್ಟು ತೂಕ ಸುಮಾರು 65 ಕಿಲೋಗ್ರಾಂ ಆಗುತ್ತದೆ. ಎಂದರೆ 35 ಕಿಲೋಗ್ರಾಂ ನೀರು ಗಾಳಿಗೆ ಹೋಗಬೇಕು. ಬಿಸಿಲಿದ್ದರೆ ಕಣದಲ್ಲಿ ಹರಡಿದರೆ ಸಾಕು. ಮೋಡ ಮುಸುಕಿದರೆ ರಾಶಿಯೊಳಗೆ ಬೂಷ್ಟು ಹಿಡಿಯುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಲಕ್ಷ ಸಂಖ್ಯೆಯಲ್ಲಿ ಸತ್ತವು. ಹುಡುಕಿದಾಗ, ಅವಕ್ಕೆ ಹಾಕಿದ ಕಡಲೆಹಿಂಡಿಯಲ್ಲಿ ಒಂದು ಬಗೆಯ ಬೂಷ್ಟು ಉತ್ಪತ್ತಿ ಮಾಡಿದ ವಿಷ ಇದ್ದುದು ಪತ್ತೆಯಾಯಿತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಮನುಷ್ಯರ ಯಕೃತ್ತಿಗೂ ಅದು ಅಪಾಯಕಾರಿ. ಅಲ್ಲಿಂದ ಮುಂದೆ ಕಡಲೆಕಾಯಿಯನ್ನು ಒಣಗಿಸುವ ಕೆಲಸ ಕೇವಲ ಬೆಲೆಯ ವಿಷಯವಾಗಿ ಉಳಿಯಲಿಲ್ಲ.

ಇನ್ನು ಸುಲಿಯುವುದು. ಕೈಯಿಂದ ತಿರುಗಿಸುವ ಸುಲಿಯುವ ಯಂತ್ರ ನೋಡಲು ಸರಳ. ಕೆಳಗೆ ಬಾಗಿದ ಜರಡಿ, ಮೇಲೆ ಹಿಂದಕ್ಕೂ ಮುಂದಕ್ಕೂ ಆಡುವ ಒರಸು ಹಲ್ಲುಗಳು. ನಡುವೆ ಸಿಕ್ಕ ಕಾಯಿ ಒಡೆದು ಬೀಜವೂ ಸಿಪ್ಪೆಯೂ ಜರಡಿಯಿಂದ ಕೆಳಗೆ ಬೀಳುತ್ತವೆ. ಹಲ್ಲಿಗೂ ಜರಡಿಗೂ ಇರುವ ಎಡೆಯಲ್ಲಿಯೇ ಎಲ್ಲ ಗುಟ್ಟೂ ಅಡಗಿದೆ. ಎಡೆ ಕಿರಿದಾದರೆ ಬೀಜ ಸೀಳುತ್ತದೆ, ಹಿರಿದಾದರೆ ಕಾಯಿ ಒಡೆಯದೆ ಉಳಿಯುತ್ತದೆ. ಒಂದೇ ಗಿಡದ ಕಾಯಿಗಳೆಲ್ಲ ಒಂದೇ ಗಾತ್ರದವಲ್ಲವಾದ್ದರಿಂದ ಎಲ್ಲಕ್ಕೂ ಒಪ್ಪುವ ಎಡೆ ಇಲ್ಲ. ಕಬ್ಬಿಣದ ಹಲ್ಲಿಗೆ ಬದಲಾಗಿ ರಬ್ಬರಿನದನ್ನು ಜೋಡಿಸಿದರೆ ಸೀಳುವುದು ಕಡಿಮೆಯಾಗುತ್ತದೆ. ಎಣ್ಣೆ ತೆಗೆಯುವವನಿಗೆ ಸೀಳಿದ ಬೀಜದಿಂದ ನಷ್ಟ ಹೆಚ್ಚಿಲ್ಲ. ಬಿತ್ತುವವನಿಗೆ ಹಾಗಲ್ಲ. ಮೇಲಿನ ಕೆಂಪು ಸಿಪ್ಪೆ ಹರಿದರೂ ಸಾಕು, ಮಣ್ಣಿನ ಶಿಲೀಂಧ್ರ ಒಳಗೆ ಹೊಕ್ಕು ಬೀಜ ಕೊಳೆಯುತ್ತದೆ. ಮೊಳಕೆಯ ತುದಿಗೆ ಪೆಟ್ಟಾದರೆ ಮೊಳೆಯುವ ಮಾತೇ ಇಲ್ಲ.

ಈ ಕಾರಣದಿಂದ ತಿಳಿದ ರೈತರು ಮುಂದಿನ ವರ್ಷದ ಬಿತ್ತನೆಯ ಕಡಲೆಕಾಯಿಯನ್ನು ಪರಿಷೆಗೆ ತರುವುದಿಲ್ಲ. ಸುಲಿದಿಟ್ಟರೆ ಬೀಜದ ಜೀವ ಬೇಗ ಕುಂದುವುದರಿಂದ, ಅದನ್ನು ಸಿಪ್ಪೆಯೊಡನೆಯೇ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿರುತ್ತಾರೆ. ಮುಂಗಾರಿನ ಮೋಡ ಕಾಣಿಸಿದ ಮೇಲೆ ಚೀಲ ಕೆಳಗಿಳಿಯುತ್ತದೆ. ರಾತ್ರಿ ಊಟವಾದ ಬಳಿಕ ಮನೆಯವರೆಲ್ಲ ಮೊರದ ಸುತ್ತ ಕುಳಿತು, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದೊಂದೇ ಕಾಯಿಯನ್ನು ಒತ್ತಿ ಬೀಜ ಬಿಡಿಸುತ್ತಾರೆ. ಆ ಎರಡು ಬೆರಳುಗಳಷ್ಟು ಮೃದುವಾಗಿ ಒತ್ತಿ, ಅವುಗಳಿಗಿಂತ ಬೇಗ ಬಿಡಿಸಿ, ಎರಡು ಎಕರೆಯ ರೈತನು ಕೊಳ್ಳಬಲ್ಲ ಬೆಲೆಗೆ ಬರುವ, ಕೆಟ್ಟರೆ ಊರಿನ ಕಮ್ಮಾರನೇ ಸರಿಪಡಿಸಬಲ್ಲ ಯಂತ್ರಕ್ಕಾಗಿ ವ್ಯವಸಾಯ ಎಂಜಿನಿಯರಿಂಗಿನ ವಿದ್ಯಾರ್ಥಿಗಳು ಇಂದಿಗೂ ಹಲ್ಲಿಗೂ ಜರಡಿಗೂ ನಡುವಣ ಎಡೆಯನ್ನು ಅಳೆಯುತ್ತಲೇ ಇದ್ದಾರೆ.